ಒಂದು ಸಾಲು, ಒಂದು ಬೀಗ: ಲಿನಕ್ಸ್ ಚರಿತ್ರೆಯ ಒಂದು ಪುಟ

ಗಣಕಯಂತ್ರದ ಚರಿತ್ರೆಯೆಂದರೆ ಯಂತ್ರಗಳ ವೇಗ ಹೆಚ್ಚುತ್ತ ಬಂದ ಕಥೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಯಂತ್ರ ವೇಗವಾದಾಗ ಅದನ್ನು ನಡೆಸುವ ತಂತ್ರಾಂಶವೇ ಅಡ್ಡಿಯಾದದ್ದೂ ಉಂಟು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದಕ್ಕೆ ಒಳ್ಳೆಯ ಉದಾಹರಣೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ರಚಿಸತೊಡಗಿದರು. ಆಗ ಮಾಹಿತಿ ಇರುತ್ತಿದ್ದುದು ತಿರುಗುವ ಹಾರ್ಡ್ ಡಿಸ್ಕಿನಲ್ಲಿ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿಯೂ ಬೇಕಾದ ಜಾಗ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡಿಗೂ ಹೆಚ್ಚು ಕಾಲ ಬೇಕು. ಆದ್ದರಿಂದ ಲಿನಕ್ಸ್ ಡಿಸ್ಕಿಗೆ ಬಂದ ಕೋರಿಕೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಅಕ್ಕಪಕ್ಕದ ಜಾಗಗಳಿಗೆ ಸೇರಿದವನ್ನು ಒಟ್ಟುಗೂಡಿಸಿ ಕಳುಹಿಸುತ್ತಿತ್ತು. ಆ ಸಾಲಿಗೆ ಒಂದೇ ಬೀಗ. ಒಂದು ಪ್ರೊಸೆಸರ್ ಅದನ್ನು ಮುಟ್ಟಿರುವಾಗ ಉಳಿದವು ಕಾಯಬೇಕು. ಡಿಸ್ಕೇ ನಿಧಾನವಾಗಿದ್ದುದರಿಂದ ಈ ಕಾಯುವಿಕೆ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಸಾಲಿಡ್ ಸ್ಟೇಟ್ ಡ್ರೈವ್ ಬಂದ ಮೇಲೆ ಸ್ಥಿತಿ ಬದಲಾಯಿತು. ಇದರಲ್ಲಿ ತಿರುಗುವ ಭಾಗವೇ ಇಲ್ಲ. ಓದುವ ಕಾಲವನ್ನು ಮೈಕ್ರೊಸೆಕೆಂಡುಗಳಲ್ಲಿ ಎಣಿಸಬೇಕು. 2011ರ ಮಾರ್ಚ್‌ನಲ್ಲಿ ಇಂಥ ಡ್ರೈವ್‌ಗಳಿಗಾಗಿ ಎನ್‌ವಿಎಂಇ ಎಂಬ ಹೊಸ ನಿಯಮಾವಳಿ ಹೊರಬಂದಿತು. ಹಳೆಯ ಎಎಚ್‌ಸಿಐ ಪದ್ಧತಿಯಲ್ಲಿ ಒಂದು ಸಾಲು, ಅದರಲ್ಲಿ 32 ಆಜ್ಞೆಗಳು. ಹೊಸದರಲ್ಲಿ 65,000ಕ್ಕೂ ಹೆಚ್ಚು ಸಾಲುಗಳಿಗೆ ಅವಕಾಶವಿತ್ತು. ಇಂಟೆಲ್‌ನ ಮ್ಯಾಥ್ಯೂ ವಿಲ್‌ಕಾಕ್ಸ್ ಬರೆದ ಎನ್‌ವಿಎಂಇ ಡ್ರೈವರ್ 2012ರ ಮಾರ್ಚ್‌ನಲ್ಲಿ ಲಿನಕ್ಸ್ 3.3ರೊಡನೆ ಬಂದಿತು. ಅದು ಹಳೆಯ ಸಾಲಿಗೆ ಸೇರದೆ ಪಕ್ಕದ ದಾರಿಯಲ್ಲಿ ಸಾಗಿತು. ಆದರೆ ಪ್ರತಿಯೊಂದು ಡ್ರೈವರ್ ಹೀಗೆ ತನ್ನದೇ ದಾರಿ ಮಾಡಿಕೊಂಡರೆ ಎಲ್ಲಕ್ಕೂ ಸಮಾನವಾದ ಸೌಲಭ್ಯಗಳು ತಪ್ಪಿಹೋಗುತ್ತವೆ.

ಹತ್ತು ಮಂದಿ ಗುಮಾಸ್ತರಿರುವ ಕಚೇರಿಯಲ್ಲಿ ಲೆಕ್ಕದ ಪುಸ್ತಕ ಒಂದೇ ಇದ್ದರೆ ಏನಾದೀತು? ಇನ್ನೂ ಹತ್ತು ಮಂದಿಯನ್ನು ಸೇರಿಸಿದರೂ ಕೆಲಸ ಬೇಗ ಮುಗಿಯದು. ಬಿಯೋರ್ಲಿಂಗ್, ಆಕ್ಸ್‌ಬೋ, ನೆಲ್ಲನ್ಸ್ ಮತ್ತು ಬೊನೆ ಎಂಬ ನಾಲ್ವರು ಲಿನಕ್ಸಿನ ಒಂದೇ ಬೀಗದ ಈ ತೊಂದರೆಯನ್ನು ಅಳೆದು, 2013ರಲ್ಲಿ ಪ್ರಬಂಧವೊಂದನ್ನು ಮಂಡಿಸಿದರು. ಪ್ರತಿ ಪ್ರೊಸೆಸರ್ ಕೋರಿಗೂ ಅದರದೇ ಸಾಲು ಕೊಡುವುದು ಅವರು ಸೂಚಿಸಿದ ಪರಿಹಾರ. ಈ ವ್ಯವಸ್ಥೆ 2014ರ ಜನವರಿಯಲ್ಲಿ ಲಿನಕ್ಸ್ 3.13ರಲ್ಲಿ ಸೇರಿತು. ಮುಂದಿನ ವರ್ಷ ಎನ್‌ವಿಎಂಇ ಡ್ರೈವರೂ ಇದಕ್ಕೆ ಬದಲಾಯಿತು.

ಹಳೆಯ ಒಂದೇ ಸಾಲಿನ ವ್ಯವಸ್ಥೆಯನ್ನು ಪೂರ್ತಿ ತೆಗೆದುಹಾಕಿದ್ದು ಮಾತ್ರ 2019ರಲ್ಲಿ, ಲಿನಕ್ಸ್ 5.0ರಲ್ಲಿ. ಅದನ್ನು ನಂಬಿದ್ದ ಒಂದೊಂದು ಡ್ರೈವರನ್ನೂ ಅಷ್ಟರೊಳಗೆ ತಿದ್ದಬೇಕಾಗಿತ್ತು. ಹಳಬರು ಬರೆದದ್ದು ತಪ್ಪಾಗಿರಲಿಲ್ಲ. ಅವರ ಕಾಲದ ಡಿಸ್ಕಿಗೆ ಅದೇ ಸರಿ. ‘ಡಿಸ್ಕ್ ಯಾವಾಗಲೂ ನಿಧಾನ’ ಎಂಬ ಊಹೆ ಮಾತ್ರ ಹಳತಾಗಿತ್ತು. ಮೂಲ ಪ್ರೋಗ್ರಾಂ ಎಲ್ಲರಿಗೂ ತೆರೆದಿದ್ದುದರಿಂದ ಹೊರಗಿನವರೂ ಆ ಊಹೆಯನ್ನು ಪರೀಕ್ಷಿಸಿ ತಿದ್ದಲು ಸಾಧ್ಯವಾಯಿತು. ಆಸಕ್ತ ವಿದ್ಯಾರ್ಥಿಗಳು ಅದನ್ನು ಇಂದಿಗೂ ತೆರೆದು ಓದಬಹುದು.