ಕಡಲತಳದ ಉಗ್ರಾಣ

ಇಂಧನ ಉರಿಸಿದಾಗ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಭೂಮಿಯ ತಾಪವನ್ನು ಏರಿಸುತ್ತಿದೆ ಎಂಬುದು ನಿಮಗೆ ತಿಳಿದೇ ಇದೆ. ಈ ಅನಿಲವನ್ನು ವಾತಾವರಣಕ್ಕೆ ಬಿಡದೆ ನೆಲದಾಳದಲ್ಲಿ ಶೇಖರಿಸಿಡಬಹುದೆ? ದೊಡ್ಡ ಪ್ರಮಾಣದಲ್ಲಿ ಇದಕ್ಕೆ ಮೊದಲು ಕೈಹಾಕಿದ ದೇಶಗಳಲ್ಲಿ ನಾರ್ವೆ ಮುಖ್ಯವಾದುದು.

ಉತ್ತರ ಸಮುದ್ರದ ಸ್ಲೀಪ್ನರ್ ನಿಕ್ಷೇಪದ ನೈಸರ್ಗಿಕ ಅನಿಲದಲ್ಲಿ ಸುಮಾರು ಶೇ. 9ರಷ್ಟು ಕಾರ್ಬನ್ ಡೈಆಕ್ಸೈಡ್ ಇತ್ತು. ಮಾರಾಟಕ್ಕೆ ಅದು ಶೇ. 2.5ಕ್ಕೆ ಇಳಿಯಬೇಕಿತ್ತು. ಬೇರ್ಪಡಿಸಿದ್ದನ್ನು ಗಾಳಿಗೆ ಬಿಟ್ಟರೆ 1991ರಲ್ಲಿ ಜಾರಿಗೆ ಬಂದ ಇಂಗಾಲದ ತೆರಿಗೆ ಕಟ್ಟಬೇಕು. ಹೀಗಾಗಿ 1996ರಿಂದ ಅದನ್ನು ಸಮುದ್ರಮಟ್ಟಕ್ಕಿಂತ ಸುಮಾರು 1000 ಮೀಟರ್ ಕೆಳಗಿನ ಉಟ್ಸಿರಾ ಮರಳುಗಲ್ಲಿಗೆ ತುಂಬತೊಡಗಿದರು. ಆರಂಭದ ವರ್ಷಗಳಲ್ಲಿ ಇದರ ಪ್ರಮಾಣ ವರ್ಷಕ್ಕೆ ಸುಮಾರು 10 ಲಕ್ಷ ಟನ್.

ಅಷ್ಟು ಆಳವೇಕೆ? ತಾಪ 31° ಸೆಲ್ಸಿಯಸ್ ಅನ್ನೂ ಒತ್ತಡ ವಾತಾವರಣದ ಒತ್ತಡದ 73 ಪಟ್ಟನ್ನೂ ಮೀರಿದರೆ ಕಾರ್ಬನ್ ಡೈಆಕ್ಸೈಡ್ ಸಾಕಷ್ಟು ಸಾಂದ್ರವಾಗಿ ಕಡಿಮೆ ಜಾಗದಲ್ಲಿ ಹಿಡಿಸುತ್ತದೆ. ಸಾಮಾನ್ಯವಾಗಿ 800 ಮೀಟರ್ ಆಳದ ಕೆಳಗೆ ಈ ಸ್ಥಿತಿ ಸಾಧ್ಯ. ಆದರೂ ಅದು ಬಂಡೆಯೊಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ಅದನ್ನು ತಡೆಯಲು ಮೇಲೆ ಜೇಡಿಶಿಲೆಯ ಭದ್ರ ಮುಚ್ಚಳವಿರಬೇಕು.

ಯೋಜನೆಗೆ ಮುಖ್ಯ ಸಾಧನಗಳು ಎರಡು. ಧ್ವನಿತರಂಗಗಳನ್ನು ಕಳುಹಿಸಿ, ಪದರಗಳಿಂದ ಮರಳುವ ಪ್ರತಿಧ್ವನಿಯಿಂದ ಚಿತ್ರ ರಚಿಸುವುದು ಮೊದಲನೆಯದು. ಆ ಚಿತ್ರವನ್ನು ಆಧರಿಸಿ ಅನಿಲದ ಹರಿವನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿ ಎರಡನೆಯದು. ಸ್ಲೀಪ್ನರ್‌ನ 1994ರ ಚಿತ್ರವನ್ನು 1999ರದರೊಂದಿಗೆ ಹೋಲಿಸಿದಾಗ ಅನಿಲ ಒಂಬತ್ತು ಮಟ್ಟಗಳಲ್ಲಿ ಹರಡಿ ಮುಚ್ಚಳದ ಅಡಿಯವರೆಗೂ ಏರಿದ್ದು ಕಂಡಿತು. ನಡುವಿನ ಜೇಡಿಪದರಗಳು ಮೊದಲ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡದಷ್ಟು ತೆಳುವಾಗಿದ್ದವು! ಮುಚ್ಚಳ ಮಾತ್ರ ಅನಿಲವನ್ನು ತಡೆದು ನಿಲ್ಲಿಸಿತ್ತು.

ಬಂಡೆಯ ಗಾತ್ರವನ್ನು ರಂಧ್ರತೆಯಿಂದ ಗುಣಿಸಿದರೆ ಉಗ್ರಾಣದ ಸಾಮರ್ಥ್ಯ ದೊರೆಯುವುದೆಂದು ನೀವು ಭಾವಿಸಬಹುದು. ಆದರೆ ಆ ರಂಧ್ರಗಳು ಖಾಲಿಯಿಲ್ಲ. ಅಲ್ಲಿನ ನೀರು ಸರಿಯದಿದ್ದರೆ ಒತ್ತಡ ಏರುತ್ತದೆ. ನಾರ್ವೆಯದೇ ಸ್ನೋವಿಟ್‌ನಲ್ಲಿ ಆದದ್ದು ಇದೇ. 2008ರಲ್ಲಿ ಅಲ್ಲಿ ತುಂಬತೊಡಗಿದಾಗ ಒತ್ತಡ ನಿರೀಕ್ಷೆಗಿಂತ ಬೇಗ ಏರಿತು. 2011ರಲ್ಲಿ ಆ ಪದರವನ್ನು ಕೈಬಿಟ್ಟು ಇನ್ನೊಂದು ಪದರಕ್ಕೆ ತುಂಬಬೇಕಾಯಿತು. ಅಲ್ಜೀರಿಯದ ಇನ್ ಸಾಲಾದಲ್ಲಿ 2004ರಲ್ಲಿ ತುಂಬಲು ತೊಡಗಿದ ಮೇಲೆ ನೆಲ ಉಬ್ಬಿದ್ದನ್ನು ಉಪಗ್ರಹಗಳು ಗುರುತಿಸಿದವು. ಮುಚ್ಚಳದ ಭದ್ರತೆಯ ಬಗ್ಗೆ ಆತಂಕ ಮೂಡಿ 2011ರಲ್ಲಿ ಕೆಲಸ ನಿಂತಿತು.

ಈ ಮೂರು ಪ್ರಸಂಗಗಳ ಪಾಠ ಒಂದೇ. ಮಾದರಿ ಕೊಡುವುದು ಊಹೆಯನ್ನು. ಅದನ್ನು ಒರೆಗೆ ಹಚ್ಚುವುದು ಅಳತೆ. ಆದ್ದರಿಂದ ಅನಿಲವನ್ನು ಎಲ್ಲಿ ತುಂಬಬೇಕೆಂದು ಯೋಜಿಸುವಾಗಲೇ ಅದರ ಮೇಲೆ ನಿಗಾ ಇಡುವುದು ಹೇಗೆ, ಲೆಕ್ಕ ತಪ್ಪಿದರೆ ಮುಂದೇನು ಎಂಬುದನ್ನೂ ನಿರ್ಧರಿಸಿರಬೇಕು.