ಎಫ್‌ಎಂ ಬಂತು, ಸುದ್ದಿ ಬರಲಿಲ್ಲ

ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದು ದಿಲ್ಲಿಯಲ್ಲೂ ಅಲ್ಲ, ಮುಂಬೈಯಲ್ಲೂ ಅಲ್ಲ, ನಮ್ಮ ಬೆಂಗಳೂರಿನಲ್ಲಿ. 2001ರ ಜುಲೈ 3ರಂದು ರೇಡಿಯೋ ಸಿಟಿ ಪ್ರಸಾರ ಆರಂಭಿಸಿತು. ಪತ್ರಿಕೋದ್ಯಮ ಓದಿದ ನಮಗೆ ಈ ಕೇಂದ್ರದ ಚರಿತ್ರೆಯಲ್ಲಿ ಏನು ಪ್ರಸಾರವಾಯಿತು ಎನ್ನುವಷ್ಟೇ, ಏನು ಪ್ರಸಾರವಾಗಲಿಲ್ಲ ಎನ್ನುವುದೂ ಮುಖ್ಯ.

ಕರ್ನಾಟಕಕ್ಕೆ ಖಾಸಗಿ ಬಾನುಲಿ ಹೊಸದೇನಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ನಡೆಸಿದ್ದರು. ಆದರೆ ಅದು ವ್ಯಾಪಾರವಾಗಿರಲಿಲ್ಲ. ಸ್ವಾತಂತ್ರ್ಯದ ನಂತರ ಬಾನುಲಿ ಪೂರ್ತಿ ಸರ್ಕಾರದ ಕೈಯಲ್ಲಿತ್ತು. 1967ರಲ್ಲಿ ವಿವಿಧ ಭಾರತಿಗೆ ಜಾಹೀರಾತು ಬಂತು. 1993ರಲ್ಲಿ ಆಕಾಶವಾಣಿಯ ಎಫ್‌ಎಂನಲ್ಲಿ ಖಾಸಗಿಯವರಿಗೆ ಸಮಯ ಮಾರಲು ಶುರು ಮಾಡಿದರು. 1995ರಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರದ ಪ್ರಕರಣವೊಂದರಲ್ಲಿ, ತರಂಗಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪು ಕೊಟ್ಟಿತು.

ಸಾರ್ವಜನಿಕ ಆಸ್ತಿ ಸಾರ್ವಜನಿಕರಿಗೆ ಸಿಗುವ ಮೊದಲು ಹರಾಜಿಗೆ ಹೋಯಿತು. 1999ರ ನೀತಿಯಂತೆ 40 ನಗರಗಳ 108 ತರಂಗಾಂತರಗಳಿಗೆ ಬಿಡ್ ಕರೆದರು. ಪರವಾನಗಿ ಶುಲ್ಕ ಪ್ರತಿ ವರ್ಷ ಶೇ 15ರಷ್ಟು ಏರಬೇಕಿತ್ತು. ಲಾಭವೋ ನಷ್ಟವೋ, ದುಡ್ಡು ಕಟ್ಟಲೇಬೇಕು. ಬಿಡ್ ಗೆದ್ದ ಹಲವರು ಹಿಂದೆ ಸರಿದರು. ಮೊದಲ ಹಂತದಲ್ಲಿ ನಿಜವಾಗಿ ನಡೆದದ್ದು 12 ನಗರಗಳ 21 ಕೇಂದ್ರಗಳು ಮಾತ್ರ.

ಇಂಥ ಲೆಕ್ಕದಲ್ಲಿ ಕೇಂದ್ರ ಉಳಿಯಬೇಕಾದರೆ ಜಾಹೀರಾತುದಾರರು ಹುಡುಕುವ ಕೇಳುಗರೇ ಬೇಕು. ರೇಡಿಯೋ ಸಿಟಿಯಲ್ಲಿ ಮೊದಮೊದಲು ಹಿಂದಿ, ಇಂಗ್ಲಿಷ್ ಹಾಡುಗಳದೇ ಕಾರುಬಾರು. 2005ರಲ್ಲಿ ಎರಡನೇ ಹಂತದ ನೀತಿ ಬಂದು, ವಾರ್ಷಿಕ ಶುಲ್ಕವನ್ನು ಆದಾಯದ ಶೇ 4ಕ್ಕೆ ಜೋಡಿಸಿದ ಮೇಲೆ ಪೈಪೋಟಿ ಹೆಚ್ಚಿತು. 2006ರಿಂದ ಮಿರ್ಚಿ, ಬಿಗ್ ಎಫ್‌ಎಂ ಮುಂತಾದವು ಬೆಂಗಳೂರಿಗೆ ಬಂದವು. ಕನ್ನಡ ಹಾಡು, ಕನ್ನಡದ ಹರಟೆಗೆ ಮಾರುಕಟ್ಟೆ ಇದೆಯೆಂಬುದು ಆಗ ಎಲ್ಲರಿಗೂ ಕಂಡಿತು. ರೇಡಿಯೋ ಸಿಟಿಯೂ ಕನ್ನಡಕ್ಕೆ ಹೊರಳಿತು. ಮೈಸೂರು, ಮಂಗಳೂರು, ಕಲಬುರಗಿಗೂ ಖಾಸಗಿ ಎಫ್‌ಎಂ ತಲುಪಿತು.

ಭಾಷೆ ಬದಲಾಯಿತು, ಆದರೆ ಸುದ್ದಿಯ ಮೇಲಿನ ನಿರ್ಬಂಧ ಬದಲಾಗಲಿಲ್ಲ. 2011ರ ಮೂರನೇ ಹಂತದ ನೀತಿ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಲು ಮಾತ್ರ ಒಪ್ಪಿತು. ಟ್ರಾಫಿಕ್, ಹವಾಮಾನ, ಪರೀಕ್ಷೆಯ ಫಲಿತಾಂಶ, ನೀರು ಮತ್ತು ಕರೆಂಟಿನ ಪ್ರಕಟಣೆ ಇವನ್ನೆಲ್ಲ ‘ಸುದ್ದಿಯಲ್ಲ’ ಎಂಬ ಪಟ್ಟಿಗೆ ಸೇರಿಸಿತು. ಅಂದರೆ ನಾಳೆ ನಿಮ್ಮ ಬಡಾವಣೆಗೆ ನೀರು ಬರುವುದಿಲ್ಲ ಎಂದು ಆರ್‌ಜೆ ಹೇಳಬಹುದು. ಯಾಕೆ ಬರುವುದಿಲ್ಲ ಎಂದು ವರದಿಗಾರರನ್ನು ಕಳಿಸಿ ಸುದ್ದಿ ಮಾಡುವ ಹಾಗಿಲ್ಲ. ಖಾಸಗಿ ಪತ್ರಿಕೆಗೆ, ಟಿವಿಗೆ ಇರುವ ಸ್ವಾತಂತ್ರ್ಯ ಎಲ್ಲಕ್ಕಿಂತ ಅಗ್ಗದ ಮಾಧ್ಯಮವಾದ ರೇಡಿಯೋಗೆ ಇಲ್ಲ.

ರೇಡಿಯೋ ಸಿಟಿ ಕಣ್ಣುಬಿಟ್ಟ ಅದೇ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಹುಟ್ಟಿತು. ಪ್ರಸಾರದ ಪರವಾನಗಿ ಸಿಗುವ ದಾರಿಯೇ ಇಲ್ಲದ್ದರಿಂದ ಹಳ್ಳಿಯ ಜನ ತಮ್ಮ ಕಾರ್ಯಕ್ರಮಗಳನ್ನು ಧ್ವನಿವರ್ಧಕದಲ್ಲಿ, ಕೇಬಲ್ಲಿನಲ್ಲಿ ಕೇಳಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಅಲ್ಲೂ ಸ್ವಂತ ಸುದ್ದಿಗೆ ಅವಕಾಶ ಸಿಗಲಿಲ್ಲ.

ರೇಡಿಯೋ ಸಿಟಿಯ ಚರಿತ್ರೆ ವ್ಯಾಪಾರದ ಯಶಸ್ಸಿನ ಕಥೆ ಹೌದು. ಆದರೆ ಗ್ರಾಮ ಪಂಚಾಯ್ತಿಯ ಸಭೆಯನ್ನೋ, ಟೊಮೆಟೊ ಬೆಲೆ ಕುಸಿತವನ್ನೋ ವರದಿ ಮಾಡುವ ರೇಡಿಯೋ ವರದಿಗಾರರ ಹುದ್ದೆಯನ್ನು ಅದು ಹುಟ್ಟಿಸಲಿಲ್ಲ, ನಿಯಮ ಹುಟ್ಟಿಸಲು ಬಿಡಲೂ ಇಲ್ಲ. ತರಂಗ ನಮ್ಮೆಲ್ಲರ ಆಸ್ತಿ ಎಂಬ 1995ರ ಮಾತನ್ನು ನಂಬುವುದಾದರೆ, ಅದರ ಮೇಲೆ ನಮ್ಮೂರಿನ ಸುದ್ದಿ ಕೇಳುವ ಹಕ್ಕನ್ನೂ ನಾವು ಕೇಳಬೇಕು.