ಅಗ್ಗದ ಲ್ಯಾಪ್‌ಟಾಪ್ ಪುರಾಣ

ಮೊನ್ನೆ ಭಾನುವಾರ ಬೆಳಿಗ್ಗೆ, ಇನ್ನೂ ಕಾಫಿ ಕೂಡ ಕುಡಿದಿರಲಿಲ್ಲ, ಊರಿಂದ ಚಿಕ್ಕಪ್ಪನ ಫೋನು. "ಲೋ ಮಗಾ, ಪಾಪುಗೆ ಮೆಕ್ಯಾನಿಕಲ್ ಸೀಟು ಸಿಕ್ತು ಕಣೋ. ಲ್ಯಾಪ್‌ಟಾಪ್ ಬೇಕಂತೆ. ನಲವತ್ತೈದು ಸಾವಿರದ ಮೇಲೆ ಒಂದು ರೂಪಾಯೀನೂ ಆಗಲ್ಲ. ಯಾವ್ದು ತಗೊಳ್ಳೋದು ಹೇಳು." ಮನೆತನದಲ್ಲಿ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದರೆ ಟೀವಿ ರಿಮೋಟ್ ಕೆಟ್ಟರೂ ಅವನಿಗೇ ಫೋನು ಬರುತ್ತೆ ಅನ್ನೋದು ನಿಮಗೂ ಗೊತ್ತಿರೋ ವಿಷಯವೇ :)

"ಸಂಜೆ ಹೇಳ್ತೀನಿ ಚಿಕ್ಕಪ್ಪ" ಅಂದೆ. ಸಂಜೆ ಹೇಳಲಿಲ್ಲ. ಮೂರು ದಿನ ಆಯ್ತು, ಇನ್ನೂ ಹೇಳಿಲ್ಲ. ಒಂದು ಮಾಡೆಲ್ ನಂಬರ್ ಹೇಳಿಬಿಡೋದು ಕಷ್ಟವಲ್ಲ. ಆದರೆ ನನ್ನದೇ ಮೊದಲ ಲ್ಯಾಪ್‌ಟಾಪು ನೆನಪಾಗಿ ಕೂತುಬಿಟ್ಟಿದೆ.

2015. ನನಗೂ ಸೀಟು ಸಿಕ್ಕಿತ್ತು. ನಮ್ಮದು ತಿಪಟೂರು ಕಡೆ, ತೆಂಗಿನ ತೋಟ. ಕಾಲೇಜು ಫೀಸು, ಹಾಸ್ಟೆಲು ಎಲ್ಲ ಕಟ್ಟಿ ಮುಗಿಸಿದ ಮೇಲೆ ಅಪ್ಪನ ಹತ್ತಿರ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಉಳಿದಿದ್ದು ಹದಿನೈದು ಸಾವಿರ. ಅಂಗಡಿಯವನು ಒಂದು ಪುಟ್ಟ ಯಂತ್ರ ತೋರಿಸಿದ. ಬಿಳೀ ಬಣ್ಣ, 11.6 ಇಂಚು ಪರದೆ, ಹೊಚ್ಚ ಹೊಸದು, ವಿಂಡೋಸ್ ಬೇರೆ ಇದೆ. ಒಂದು ಕೇಜಿ ಚಿಲ್ಲರೆ ತೂಕ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಹಗುರಾಗಿದೆ, ಬಸ್ಸಲ್ಲಿ ಒಯ್ಯೋಕೆ ಸುಲಭ" ಅಂದರು. ತಗೊಂಡೆವು.

ಅದರಲ್ಲಿದ್ದಿದ್ದು 2 ಜಿಬಿ ಮೆಮೊರಿ, 32 ಜಿಬಿ ಸ್ಟೋರೇಜು. ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿ ಕೂರಿಸಿದ್ದರು. ಆ ಮೂವತ್ತೆರಡರಲ್ಲಿ ಅರ್ಧದಷ್ಟನ್ನು ವಿಂಡೋಸೇ ನುಂಗಿತ್ತು. ಮೊದಲ ವರ್ಷ ಎಲ್ಲಾ ಬ್ರಾಂಚಿನವರಿಗೂ ಕಂಪ್ಯೂಟರ್ ಡ್ರಾಯಿಂಗ್ ಇತ್ತು, ನಮ್ಮ ಕಾಲೇಜಿನಲ್ಲಿ ಸಾಲಿಡ್ ಎಡ್ಜ್ ಬಳಸುತ್ತಿದ್ದರು. ರೂಮಿಗೆ ಬಂದು ಇನ್‌ಸ್ಟಾಲ್ ಮಾಡೋಕೆ ಹೋದರೆ ಜಾಗ ಇಲ್ಲ. ಫೋಟೋ, ಹಾಡು ಎಲ್ಲ ಅಳಿಸಿದೆ, ಆಗಲೂ ಸಾಲಲಿಲ್ಲ. ಆಮೇಲಾಮೇಲೆ ವಿಂಡೋಸ್ ತನ್ನ ಅಪ್‌ಡೇಟ್ ಹಾಕಿಕೊಳ್ಳೋಕೂ ಜಾಗವಿಲ್ಲ ಅಂತ ಅಳತೊಡಗಿತು. ಪರೀಕ್ಷೆ ಹತ್ತಿರ ಬಂದಾಗ ರೂಮ್‌ಮೇಟ್ ಮಲಗಿದ ಮೇಲೆ, ರಾತ್ರಿ ಹನ್ನೊಂದರಿಂದ ಎರಡರವರೆಗೆ ಅವನ ಲ್ಯಾಪ್‌ಟಾಪಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೆ. ಊರಿಗೆ ಹೋದಾಗ ಅಪ್ಪ ಕೇಳೋರು, "ಚೆನ್ನಾಗಿ ಓಡ್ತಿದೆಯೇನೋ?" "ಹೂಂ ಅಪ್ಪ, ಸೂಪರ್." ನಾಲ್ಕು ವರ್ಷವೂ ಇದೇ ಉತ್ತರ.

ಹದಿನೈದು ಸಾವಿರಕ್ಕೆ ಹೊಸ ಲ್ಯಾಪ್‌ಟಾಪು ಹೇಗೆ ಬಂತು, ಬಂದಿದ್ದು ಯಾಕೆ ಹಾಗಿತ್ತು? ಆಗ ಕೇಳಿಕೊಳ್ಳದ ಪ್ರಶ್ನೆ ಈಗ ತಲೆ ತಿನ್ನತೊಡಗಿತು. ಹುಡುಕುತ್ತಾ ಹೋದರೆ ಇದಕ್ಕೆ ದೊಡ್ಡ ಇತಿಹಾಸವೇ ಇದೆ. ಅದರ ಒಂದು ಅಧ್ಯಾಯ ನಮ್ಮ ಬೆಂಗಳೂರಿನದೇ.

ಹೊತ್ತುಕೊಂಡು ಹೋಗುವ ಕಂಪ್ಯೂಟರ್ ಅನ್ನೋದು ಮೊದಲಿಗೆ ಬಡವರ ಪದಾರ್ಥವಾಗಿರಲೇ ಇಲ್ಲ. 1981ರ ಆಸ್ಬಾರ್ನ್ 1 ನೋಡಿ. 1795 ಡಾಲರ್, ಹನ್ನೊಂದು ಕೇಜಿ ತೂಕ, ಐದಿಂಚಿನ ಪರದೆ, ಒಳಗೆ ಬ್ಯಾಟರಿ ಇಲ್ಲ. ಅಕ್ಕಿ ಚೀಲ ಹೊತ್ತ ಹಾಗೆ ಹೊರಬೇಕು. ನಮ್ಮ ದೇಶದಲ್ಲಂತೂ 1984ರ ಹೊಸ ಕಂಪ್ಯೂಟರ್ ನೀತಿ ಬರುವವರೆಗೆ ಕಂಪ್ಯೂಟರ್ ತರಿಸೋದೇ ದೊಡ್ಡ ಯಜ್ಞ. ಭಾರತ 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು, 2005ರ ಹೊತ್ತಿಗೆ ಕಂಪ್ಯೂಟರ್ ಮೇಲಿನ ಆಮದು ಸುಂಕ ಸೊನ್ನೆಗೆ ಬಂತು. ಮಧ್ಯಮ ವರ್ಗದ ಮನೆಗೆ ಲ್ಯಾಪ್‌ಟಾಪು ಬಂದಿದ್ದರಲ್ಲಿ ಯಾರೂ ಭಾಷಣ ಮಾಡದ ಈ ಕಾಗದದ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ.

ಇನ್ನು ಬೆಂಗಳೂರಿನ ಕಥೆ. ಅದರ ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಮತ್ತು ಎನ್‌ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ ಮುಂತಾದವರು ಸೇರಿ ಮಾಡಿದ್ದು. 1998ರಲ್ಲಿ ಹುಟ್ಟಿದ ಯೋಚನೆ, 2001ರ ಏಪ್ರಿಲ್‌ನಲ್ಲಿ ಮಾದರಿ ಹೊರಬಂತು. ಇದು ಲ್ಯಾಪ್‌ಟಾಪಲ್ಲ, ಅಂಗೈಯಗಲದ ಯಂತ್ರ, ಒಳಗೆ ಲಿನಕ್ಸ್. ಅಂದುಕೊಂಡಿದ್ದ ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸು. ಹಳ್ಳಿಯವನಿಗೆ ಒಂಬತ್ತು ಸಾವಿರವೂ ಹೆಚ್ಚೇ ಅಂತ ಇವರಿಗೆ ಗೊತ್ತಿತ್ತು. ಅದಕ್ಕೇ ಒಂದು ಸ್ಮಾರ್ಟ್ ಕಾರ್ಡ್ ಕಿಂಡಿ ಇಟ್ಟರು. ಯಂತ್ರ ಊರಿಗೆಲ್ಲ ಒಂದು, ಕಾರ್ಡು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಓದಲು ಬಾರದವರಿಗೆ ಯಂತ್ರವೇ ಓದಿ ಹೇಳಲಿ ಅಂತ ರಮೇಶ್ ಹರಿಹರನ್ 'ಧ್ವನಿ' ಎಂಬ ತಂತ್ರಾಂಶ ಬರೆದರು, ಅದು ಕನ್ನಡವನ್ನೂ ಮಾತಾಡುತ್ತಿತ್ತು. ನಾವು ಇವತ್ತಿಗೂ ಫೋನಿನ ಕನ್ನಡ ಕೇಳಿ ನಗ್ತೀವಿ, ಇವರು ಇಪ್ಪತ್ತೈದು ವರ್ಷದ ಹಿಂದೆ ಆ ಕೆಲಸಕ್ಕೆ ಕೈ ಹಾಕಿದ್ದರು!

2004ರಲ್ಲಿ ಬಿಇಎಲ್ ಜೊತೆ ಸೇರಿ 'ಅಮಿಡಾ' ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕಪ್ಪು-ಬಿಳುಪು ಪರದೆಯದಕ್ಕೆ ಹತ್ತು ಸಾವಿರದ ಹತ್ತಿರ, ಬಣ್ಣದ ಪರದೆಗೆ ಅದರ ದುಪ್ಪಟ್ಟು. ಯಂತ್ರವನ್ನು ಕೈಯಲ್ಲಿ ಅಲ್ಲಾಡಿಸಿದರೆ ಅದಕ್ಕೆ ತಿಳಿಯುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ ಇತ್ತು. ಆದರೆ ಅಷ್ಟರಲ್ಲಿ ಮೊಬೈಲ್ ಅಗ್ಗವಾಗಿತ್ತು, ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲೇ ಇಲ್ಲ. ಸೋತ ಯಂತ್ರ ಅಂತ ಸುಲಭವಾಗಿ ಹೇಳಿಬಿಡ್ತಾರೆ. ನನಗೆ ಹಾಗನ್ನಿಸಲ್ಲ. "ಕೊಳ್ಳೋನಿಗೆ ಇಷ್ಟು ಸಾಕು" ಅಂತ ಕೈ ಬಿಗಿ ಹಿಡಿಯದೆ, ಹಂಚಿಕೊಂಡು ಬಳಸಿದರೆ ಎಷ್ಟು ಒಳ್ಳೆಯದನ್ನು ಕೊಡಬಹುದು ಅಂತ ಯೋಚಿಸಿದವರು ಅವರು.

2005ರ ನವೆಂಬರಿನಲ್ಲಿ ಟ್ಯುನಿಸ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಶೃಂಗಸಭೆಯಲ್ಲಿ ನಿಕೋಲಸ್ ನೆಗ್ರೊಪಾಂಟೆ ಒಂದು ಹಸಿರು ಲ್ಯಾಪ್‌ಟಾಪು ತೋರಿಸಿದರು. ನೂರು ಡಾಲರ್, ಮಗುವಿಗೊಂದು, ಕರೆಂಟ್ ಇಲ್ಲದಿದ್ದರೆ ತಿರುಗಿಸೋಕೆ ಒಂದು ಹಿಡಿ. ಕೋಫಿ ಅನ್ನಾನ್ ಆ ಹಿಡಿ ತಿರುಗಿಸಲು ಹೋದಾಗ ಅದು ಕಿತ್ತೇ ಬಂತು ಅಂತ ವರದಿಯಾಗಿತ್ತು. ಮುಂದೆ ಯಂತ್ರದಲ್ಲಿ ಆ ಹಿಡಿಯನ್ನೇ ಕೈಬಿಟ್ಟರು. 2007ರಲ್ಲಿ ಮಕ್ಕಳ ಕೈಗೆ ಬರುವ ಹೊತ್ತಿಗೆ ಬೆಲೆ ನೂರು ಹೋಗಿ ನೂರೆಂಬತ್ತು ಡಾಲರ್ ದಾಟಿತ್ತು. ಭಾರತ ಸರ್ಕಾರ 2006ರಲ್ಲೇ ಬೇಡ ಅಂದಿತ್ತು. ಉರುಗ್ವೆ ಮಾತ್ರ 2009ರ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆಲ್ಲ ಕೊಟ್ಟು ಮುಗಿಸಿತು. ಪೆರುವಿನಲ್ಲಿ ಮಕ್ಕಳ ಗಣಿತ, ಭಾಷೆ ಅಂಕಗಳಲ್ಲಿ ಇದರಿಂದ ವ್ಯತ್ಯಾಸ ಕಾಣಲಿಲ್ಲ ಅಂತ 2012ರಲ್ಲಿ ಒಂದು ಅಧ್ಯಯನ ಹೇಳಿತು.

ಇದೆಲ್ಲ ಬಿಡಿ. ಆ ಹಸಿರು ಯಂತ್ರದ ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ವಿಷಯ. ಎತ್ತಿಕೊಂಡು ಹೋಗೋ ಅದರ ಹಿಡಿಕೆಯೊಳಗೆ ಒಂದಿಷ್ಟು ಹೆಚ್ಚುವರಿ ಸ್ಕ್ರೂ ಇಟ್ಟಿರುತ್ತಿದ್ದರು. ಮಗು ಬಿಚ್ಚಿದಾಗ ಒಂದೆರಡು ಕಳೆದುಹೋಗುತ್ತೆ ಅಂತ! ಆರು ವರ್ಷದ ಮಗು ಬಿಚ್ಚುತ್ತೆ ಅಂತ ಅಂದಾಜು ಮಾಡಿ ಕಟ್ಟಿದ ಯಂತ್ರ ಅದು. ಇಂಜಿನಿಯರಿಂಗ್ ಓದೋನಿಗೆ ಅಂತ ನಮಗೆ ಮಾರಿದ ನನ್ನ ಲ್ಯಾಪ್‌ಟಾಪನ್ನು ಬಿಚ್ಚಿದರೆ ಒಳಗೆ ಬದಲಿಸೋಕೆ ಏನೂ ಇರಲಿಲ್ಲ.

ಈ ನೂರು ಡಾಲರ್ ಗಲಾಟೆ ಕಂಪನಿಗಳಿಗೆ ದಾರಿ ತೋರಿಸಿತು. 2007ರ ಅಕ್ಟೋಬರಿನಲ್ಲಿ ತೈವಾನಿನ ಏಸಸ್ 'ಈ ಪಿಸಿ' ತಂದಿತು. ಏಳಿಂಚು ಪರದೆ, 512 ಎಂಬಿ ಮೆಮೊರಿ, 4 ಜಿಬಿ ಸ್ಟೋರೇಜು, ಲಿನಕ್ಸ್, ಒಂದು ಕೇಜಿಗಿಂತ ಕಡಿಮೆ ತೂಕ. ಜನ ಮುಗಿಬಿದ್ದರು. ನೆಟ್‌ಬುಕ್ ಅನ್ನೋ ಹೆಸರೇ ಮನೆಮಾತಾಯ್ತು. ಲಿನಕ್ಸ್ ಯಂತ್ರಗಳು ಮಾರಾಟವಾಗೋದು ಕಂಡ ಮೈಕ್ರೋಸಾಫ್ಟ್ 2008ರಲ್ಲಿ ಹಳೇ ಎಕ್ಸ್‌ಪಿಯನ್ನೇ ಇವಕ್ಕೆ ಅಗ್ಗವಾಗಿ ಕೊಡತೊಡಗಿತು. ಆದರೆ ಷರತ್ತು ಇತ್ತು. ಪರದೆ ಚಿಕ್ಕದಿರಬೇಕು, ಮೆಮೊರಿ 1 ಜಿಬಿ ಮೀರಬಾರದು, ಡಿಸ್ಕಿಗೂ ಒಂದು ಮಿತಿ. 2009ರ ವಿಂಡೋಸ್ 7 ಸ್ಟಾರ್ಟರ್‌ನಲ್ಲಂತೂ ಹಿನ್ನೆಲೆ ಚಿತ್ರ ಬದಲಿಸೋಕೂ ಬಿಡುತ್ತಿರಲಿಲ್ಲ. ಆ ಕಾಲದ ನೆಟ್‌ಬುಕ್ ನಿಮ್ಮ ಹತ್ತಿರ ಇದ್ದಿದ್ದರೆ ನೆನಪಿಸಿಕೊಳ್ಳಿ, ಅಂಗಡಿಯಲ್ಲಿ ಎಲ್ಲ ಕಂಪನಿಯದೂ ಅದೇ 1 ಜಿಬಿ. ಇನ್ನೊಂದು ಜಿಬಿ ಹಾಕಿದ್ದರೆ ಬೆಲೆ ತೀರಾ ಏನೂ ಏರುತ್ತಿರಲಿಲ್ಲ. ಅಗ್ಗದ್ದು ತೀರ ಚೆನ್ನಾಗಿಬಿಟ್ಟರೆ ದುಬಾರಿಯದನ್ನು ಯಾರು ಕೊಳ್ತಾರೆ ಅನ್ನೋ ಭಯವೂ ಇತ್ತು ಅಂತ ನನಗನ್ನಿಸುತ್ತೆ. ಇದು ತಿಳಿದ ಮೇಲೆ ಅಂಗಡಿಯ ಬೆಲೆ ಚೀಟಿ ನೋಡೋ ನನ್ನ ಕಣ್ಣೇ ಬದಲಾಗಿದೆ.

ಹಾಗಂತ ಬರೀ ಕಂಪನಿಗಳನ್ನು ದೂರಿ ಏನು ಪ್ರಯೋಜನ, ನಮ್ಮ ಸರ್ಕಾರದ್ದು ಕೇಳಿ. 2009ರ ಫೆಬ್ರವರಿಯಲ್ಲಿ ತಿರುಪತಿಯಲ್ಲಿ ಹತ್ತು ಡಾಲರ್ ಲ್ಯಾಪ್‌ಟಾಪ್ ಬಿಡುಗಡೆ ಅಂತ ಪ್ರಪಂಚಕ್ಕೆಲ್ಲ ಸುದ್ದಿಯಾಯಿತು. ಹತ್ತು ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ಐನೂರು ರೂಪಾಯಿ. ಪತ್ರಕರ್ತರೆಲ್ಲ ಕಾದು ಕೂತಿದ್ದರೆ, ಹೊರಬಂದಿದ್ದು ಪರದೆಯೂ ಇಲ್ಲದ, ಕೀಲಿಮಣೆಯೂ ಇಲ್ಲದ ಒಂದು ಡಬ್ಬಿ, ಪಾಠಗಳನ್ನು ತುಂಬಿಡೋ ಸಾಧನ. ತಿಮ್ಮಪ್ಪನ ಸನ್ನಿಧಿಯಲ್ಲೇ ನಾಮ :)

ಆಮೇಲೆ 2011ರ ಅಕ್ಟೋಬರ್ 5ರಂದು 'ಆಕಾಶ್' ಬಂತು. ಅದರಲ್ಲಿ ಪರದೆಯಾದರೂ ಇತ್ತು. ಸರ್ಕಾರ ಕೊಂಡ ಬೆಲೆ ಎರಡು ಸಾವಿರದ ಚಿಲ್ಲರೆ ರೂಪಾಯಿ. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ಮೆಮೊರಿ, ಉಗುರಿನಿಂದ ಒತ್ತಬೇಕಾದಂಥ ಪರದೆ. ಗುರಿ ಕಾಲೇಜು ವಿದ್ಯಾರ್ಥಿಗಳು. ಕೀಲಿಮಣೆ ಇಲ್ಲದ ಏಳಿಂಚಿನ ಪರದೆಯಲ್ಲಿ ಸಿ ಪ್ರೋಗ್ರಾಂ ಬರೆಯೋದು ಹೇಗೆ ಅಂತ ಯಾರೂ ಕೇಳಲಿಲ್ಲವೋ, ಕೇಳಿದರೂ ಬೆಲೆ ಆಗಲೇ ಘೋಷಣೆಯಾಗಿಬಿಟ್ಟಿತ್ತೋ! ಯೋಜನೆ ಐಐಟಿ ರಾಜಸ್ಥಾನದಿಂದ ಐಐಟಿ ಬಾಂಬೆಗೆ ಹೋಯಿತು. 2012ರ ನವೆಂಬರಿನ ಆಕಾಶ್ 2 ಎಷ್ಟೋ ವಾಸಿ ಇತ್ತು. ಅದರಲ್ಲಿ ಸಿ, ಪೈಥಾನ್, ಸೈಲ್ಯಾಬ್ ಬಳಸುವಂತೆ ಮಾಡಲು ಬಾಂಬೆಯವರು ನಿಜಕ್ಕೂ ಕಷ್ಟಪಟ್ಟರು. ಆದರೂ ಯೋಜನೆ ನಿಧಾನವಾಗಿ ಕಣ್ಮರೆಯಾಯಿತು. ಅದೇ 2011ರಲ್ಲಿ ಪಕ್ಕದ ತಮಿಳುನಾಡು ಕೀಲಿಮಣೆ ಇರೋ ನಿಜವಾದ ಲ್ಯಾಪ್‌ಟಾಪನ್ನೇ ಹಂಚಲು ಶುರುಮಾಡಿತು. ಮುಚ್ಚಳದ ಮೇಲೆ ಮುಖ್ಯಮಂತ್ರಿಗಳ ಫೋಟೋ ಇತ್ತು, ಇರಲಿ, ಒಳಗೆ ಕೆಲಸಕ್ಕೆ ಬರೋ ಯಂತ್ರ ಇತ್ತಲ್ಲ.

ನನ್ನ ಬಿಳೀ ಲ್ಯಾಪ್‌ಟಾಪಿನ ಗುಟ್ಟು ಸಿಕ್ಕಿದ್ದು ಇದರ ಮುಂದಿನ ಪುಟದಲ್ಲಿ. 2013ರ ಹೊತ್ತಿಗೆ ನೆಟ್‌ಬುಕ್ ಸತ್ತಿತ್ತು, ಜನ ಟ್ಯಾಬ್ಲೆಟ್ ಮತ್ತು ಕ್ರೋಮ್‌ಬುಕ್ ಕಡೆ ತಿರುಗಿದ್ದರು. ಅವನ್ನು ತಡೆಯಲು 2014ರಲ್ಲಿ ಮೈಕ್ರೋಸಾಫ್ಟ್ ಅಗ್ಗದ ಯಂತ್ರಗಳಿಗೆ ವಿಂಡೋಸನ್ನು ಬಹುತೇಕ ಪುಕ್ಕಟೆಯಾಗಿ ಕೊಡಲು ತೊಡಗಿತು. ಟ್ಯಾಬ್ಲೆಟ್ಟಿಗೆ ಮಾಡಿದ ಆಟಂ ಚಿಪ್ಪು, ಟ್ಯಾಬ್ಲೆಟ್ಟಿನ ಮೆಮೊರಿ, ಟ್ಯಾಬ್ಲೆಟ್ಟಿನ ಸ್ಟೋರೇಜು, ಅದರ ಮೇಲೊಂದು ಕೀಲಿಮಣೆ, ಒಳಗೆ ವಿಂಡೋಸ್. ನಮ್ಮಪ್ಪ ಕೊಬ್ಬರಿ ದುಡ್ಡು ಕೊಟ್ಟು ತಂದಿದ್ದು ಲ್ಯಾಪ್‌ಟಾಪಿನ ವೇಷ ಹಾಕಿದ ಟ್ಯಾಬ್ಲೆಟ್ಟು. ಸಂಬಂಧವೇ ಇಲ್ಲದ ಎರಡು ಕಂಪನಿಗಳ ಜಗಳದಲ್ಲಿ ಹುಟ್ಟಿದ ಕೂಸು ತಿಪಟೂರಿನವರೆಗೆ ಬಂದಿತ್ತು. ಇಷ್ಟು ವರ್ಷ ತಪ್ಪು ಆರಿಸಿದ್ದು ನಾನು ಅಂದುಕೊಂಡಿದ್ದೆ. ಪೂರ್ತಿ ನನ್ನದೇ ಅಲ್ಲ ಅಂತ ಈಗ ಸ್ವಲ್ಪ ಸಮಾಧಾನ.

ಈಗ ಪಾಪು ವಿಷಯ. ಅವಳಿಗೆ ಮೆಕ್ಯಾನಿಕಲ್, ಅಂದರೆ ಕ್ಯಾಡ್ ಬೇಕೇ ಬೇಕು. ಸಾಲಿಡ್ ಎಡ್ಜ್ ವಿದ್ಯಾರ್ಥಿಗಳಿಗೆ ಉಚಿತ, ಆದರೆ ವಿಂಡೋಸ್ ಬೇಕು. 16 ಜಿಬಿ ಮೆಮೊರಿ ಇದ್ದರೆ ಉಸಿರಾಡಬಹುದು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಹಸಿವಿಗೆ ಮೆಮೊರಿ ಚಿಪ್ಪಿನ ಬೆಲೆ ಒಂದೇ ಸಮನೆ ಏರಿತು. ಆ ದುಡ್ಡಿಗೆ ಹೊಸದು ನೋಡಿದರೆ ಕಂಪನಿಗಳು ಎಲ್ಲಿ ಕತ್ತರಿ ಹಾಕುತ್ತವೆ ಅಂತ ಹೇಳಬೇಕಾಗಿಲ್ಲ.

ನನ್ನ ಮನಸ್ಸಿನಲ್ಲಿರೋದು ಸೆಕೆಂಡ್ ಹ್ಯಾಂಡ್. ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ಕುಗಳನ್ನು ಮೂರ್ನಾಲ್ಕು ವರ್ಷಕ್ಕೆ ಹೊರಹಾಕುತ್ತವೆ. ಅವು ಎಸ್.ಪಿ. ರೋಡಿಗೆ ಬರುತ್ತವೆ. ತೀರ ತೆಳ್ಳಗಿನ ಮಾಡೆಲ್‌ಗಳನ್ನು ಬಿಟ್ಟರೆ ಬಹಳಷ್ಟರಲ್ಲಿ ಕೆಳಗಿನ ಮುಚ್ಚಳ ಸ್ಕ್ರೂ ಬಿಚ್ಚಿದರೆ ಬರುತ್ತೆ, ಮೆಮೊರಿಗೆ ಸ್ಲಾಟ್ ಇರುತ್ತೆ, ಹೇಗೆ ಬಿಚ್ಚಬೇಕು ಅಂತ ಕಂಪನಿಯೇ ಕೈಪಿಡಿ ಹಾಕಿರುತ್ತೆ. ಒಂದೇ ಎಚ್ಚರಿಕೆ: ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಬೇಕು. ಅದಕ್ಕಿಂತ ಹಳೆಯದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಅಂಗಡಿಯವನು ಎಷ್ಟೇ ಆಣೆ ಇಟ್ಟರೂ ಮುಟ್ಟಬಾರದು. ಬ್ಯಾಟರಿ ಮಾತ್ರ ಹೊಸದು ಹಾಕಿಸಬೇಕಾಗಬಹುದು, ಅದಕ್ಕೆ ಅಂತ ಸ್ವಲ್ಪ ದುಡ್ಡು ಎತ್ತಿಡಬೇಕು.

ಇಷ್ಟನ್ನೂ ನಿನ್ನೆ ರಾತ್ರಿ ಪಾಪುಗೆ ಹೇಳಿದೆ. "ಸರಿ ಅಣ್ಣ, ಬಿಚ್ಚೋದು ತೋರಿಸ್ಕೊಡ್ತೀಯಾ?" ಅಂದಳು. ಅವಳದ್ದೇನೂ ತಕರಾರಿಲ್ಲ. ಚಿಕ್ಕಪ್ಪನದೇ ಕಷ್ಟ. ಫೋನ್ ಕಸಿದುಕೊಂಡು, "ಏನೋ, ಹುಡುಗಿ ಮೊದಲ್ನೇ ಸಲ ಕಾಲೇಜಿಗೆ ಹೋಗ್ತಾ ಇದ್ದಾಳೆ, ಯಾರೋ ಬಳಸಿ ಬಿಟ್ಟಿದ್ದು ಕೊಡ್ಸೋದೇನೋ? ನಿಮ್ಮಪ್ಪ ನಿನಗೆ ಹೊಸದೇ ಕೊಡಿಸ್ಲಿಲ್ವಾ?" ಅಂದರು.

ಬಾಯಿಗೆ ಬಂದಿತ್ತು, ಹೇಳಲಿಲ್ಲ. ಅಪ್ಪ ಪಕ್ಕದಲ್ಲೇ ಕೂತಿದ್ದರು, ಅವರ ಕೆಮ್ಮು ಫೋನಿನಲ್ಲಿ ಕೇಳಿಸುತ್ತಿತ್ತು. "ಶನಿವಾರ ಬೆಂಗಳೂರಿಗೆ ಕರ್ಕೊಂಡು ಬನ್ನಿ ಚಿಕ್ಕಪ್ಪ, ಹೊಸದು ಹಳೇದು ಎರಡೂ ಎದುರಿಗಿಟ್ಟು ತೋರಿಸ್ತೀನಿ, ಆಮೇಲೆ ನೀವೇ ಹೇಳಿ" ಅಂದಿದ್ದೀನಿ. ಬ್ಯಾಗಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಸೆಟ್ ಹಾಕಿಟ್ಟಿದ್ದೇನೆ. ಅಪ್ಪನೂ ಬರ್ತಾರಂತೆ.